ಫೋಟೊ ತಿದ್ದುವ ಹಕ್ಕು ಯಾರದು?

‘ನೋ ಎಡಿಟ್, ನೋ ಫಿಲ್ಟರ್’ ಎಂದು ಫೋಟೊದ ಕೆಳಗೆ ಹೆಮ್ಮೆಯಿಂದ ಬರೆದುಕೊಳ್ಳುವವರು ಈಗ ಎಲ್ಲೆಲ್ಲೂ ಇದ್ದಾರೆ. ಕ್ಯಾಮೆರಾದಲ್ಲಿ ಬಂದದ್ದು ಬಂದ ಹಾಗೇ ಇದೆ, ನಾನು ಕೈಯಾಡಿಸಿಲ್ಲ ಎಂಬ ಘೋಷಣೆ ಅದು. ಕಂಪ್ಯೂಟರಿನ ಮುಂದೆ ಕೂತು ಹದ ಮಾಡದ ಫೋಟೊ ಅರ್ಧಕ್ಕೇ ಬಿಟ್ಟ ಕೆಲಸ ಎನ್ನುವವರೂ ಕಡಿಮೆಯಿಲ್ಲ. ಫೋಟೊಗ್ರಫಿ ಕ್ಲಬ್ಬುಗಳ ಸಭೆಗಳಲ್ಲಿ, ಪತ್ರಿಕೆಗಳ ಫೋಟೊ ಡೆಸ್ಕಿನಲ್ಲಿ, ಮದುವೆ ಛತ್ರದಲ್ಲಿ ಊಟಕ್ಕೆ ಕೂತ ಫೋಟೊಗ್ರಾಫರುಗಳ ನಡುವೆ ಈ ವಾದ ಡಿಜಿಟಲ್ ಕ್ಯಾಮೆರಾ ಬಂದಾಗಿನಿಂದ ನಡೆಯುತ್ತಿದೆ. ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಮುಖದ ಮೇಲಿನ ನೆರಳನ್ನು ತುಸು ತಿಳಿಗೊಳಿಸಿದವನನ್ನೂ ಪಕ್ಕದಲ್ಲಿ ನಿಂತ ಮನುಷ್ಯನನ್ನೇ ಅಳಿಸಿಹಾಕಿದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರೆ ತೀರ್ಪು ಸಿಗುವುದಾದರೂ ಹೇಗೆ?

ತಿದ್ದಬೇಕೋ ಬೇಡವೋ ಎಂದು ಕೇಳುವ ಮೊದಲು, ತಿದ್ದುವವರು ಯಾರು, ಶಟರ್ ಬಿದ್ದ ಗಳಿಗೆಯಲ್ಲಿ ಅವರು ಅಲ್ಲಿದ್ದರೇ ಎಂದು ಕೇಳಿದರೆ ವಿಷಯ ಬಹಳ ಮಟ್ಟಿಗೆ ತಿಳಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಏಕೆಂದರೆ ಯಾರೂ ತಿದ್ದದ ಡಿಜಿಟಲ್ ಫೋಟೊ ಎಂಬುದು ಇಲ್ಲ. ಫೋಟೊ ತೆಗೆದವರು ತಿದ್ದದಿದ್ದರೆ ಅವರ ಪರವಾಗಿ ಬೇರೆ ಯಾರೋ ತಿದ್ದಿರುತ್ತಾರೆ.

ಕ್ಯಾಮೆರಾದೊಳಗೆ ಏನು ನಡೆಯುತ್ತದೆ ನೋಡಿ. ಸೆನ್ಸರ್‌ಗೆ ಬೆಳಕಿನ ಪ್ರಮಾಣ ಗೊತ್ತಾಗುತ್ತದೆ, ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಪಿಕ್ಸೆಲ್‌ನ ಮೇಲೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣದ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯೇ ಇಂದಿನ ಬಹುತೇಕ ಕ್ಯಾಮೆರಾಗಳಲ್ಲೂ ಫೋನುಗಳಲ್ಲೂ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1.2 ಕೋಟಿ ಪಿಕ್ಸೆಲ್‌ಗಳು ಹಸಿರನ್ನು ಮಾತ್ರ ಅಳೆಯುತ್ತವೆ; ಕೆಂಪಿಗೆ 60 ಲಕ್ಷ, ನೀಲಿಗೆ 60 ಲಕ್ಷ. ಪ್ರತಿ ಪಿಕ್ಸೆಲ್‌ಗೂ ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದವುಗಳನ್ನು ನೋಡಿ ಲೆಕ್ಕ ಹಾಕಿ ತುಂಬಬೇಕು. ಪರದೆಯ ಮೇಲೆ ಕಾಣುವ ಬಣ್ಣದ ಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಊಹಿಸಿ ತುಂಬಿದ್ದು. ಊಹೆ ಚೆನ್ನಾಗಿರುತ್ತದೆ, ಆದರೆ ಅದು ಊಹೆಯೇ.

ಅಲ್ಲಿಂದ ಮುಂದಿನ ಕೆಲಸ ಇನ್ನೂ ದೊಡ್ಡದು. ಸೆನ್ಸರ್ ಅಳೆದದ್ದನ್ನು ಹಾಗೇ ಇಟ್ಟುಕೊಂಡ ಫೈಲಿಗೆ ‘ರಾ’ ಎನ್ನುತ್ತಾರೆ. 14 ಬಿಟ್‌ನ ರಾ ಫೈಲ್‌ನಲ್ಲಿ ಪ್ರತಿ ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲುಗಳಿರುತ್ತವೆ. ಜೆಪೆಗ್‌ನಲ್ಲಿ 256. ಅಷ್ಟನ್ನು ಇಷ್ಟಕ್ಕೆ ಇಳಿಸುವಾಗ ಕ್ಯಾಮೆರಾ ವೈಟ್ ಬ್ಯಾಲೆನ್ಸ್ ನಿರ್ಧರಿಸುತ್ತದೆ, ಕಾಂಟ್ರಾಸ್ಟ್ ಏರಿಸುತ್ತದೆ, ಹಸಿರನ್ನು ಗಾಢ ಮಾಡುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ, ಕಾಳು ಕಾಳಾಗಿ ಕಾಣುವ ನಾಯ್ಸನ್ನು ಒರೆಸುತ್ತದೆ, ಬೇಡವೆನಿಸಿದ್ದನ್ನು ಎಸೆದುಬಿಡುತ್ತದೆ. ರಾ ಫೈಲ್ ಅಕ್ಕಿಯಾದರೆ ಜೆಪೆಗ್ ಬೆಂದ ಅನ್ನ. ಎಷ್ಟು ನೀರು, ಎಷ್ಟು ಉರಿ ಎಂಬುದನ್ನು ಕ್ಯಾಮೆರಾ ಕಂಪನಿಯ ಎಂಜಿನಿಯರು ಎಂದೋ ತೀರ್ಮಾನಿಸಿಯಾಗಿರುತ್ತದೆ. ಆ ಎಂಜಿನಿಯರು ಬುದ್ಧಿವಂತರು, ಶ್ರದ್ಧೆಯಿಂದ ಕೆಲಸ ಮಾಡಿದವರು. ಆದರೆ ಆಗುಂಬೆಯಲ್ಲಿ ನೀವು ನಿಂತು ನೋಡಿದ ಆ ಸಂಜೆಯನ್ನು ಅವರು ನೋಡಿಲ್ಲ. ಮುಳುಗುವ ಸೂರ್ಯನ ಕೇಸರಿ ಇಡೀ ಚೌಕಟ್ಟನ್ನು ತುಂಬಿದಾಗ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ಬಗೆದು ನೀಲಿ ಬೆರೆಸಿ ತಣ್ಣಗಾಗಿಸುತ್ತದೆ. ಮನೆಗೆ ಬಂದು ಆ ಕೇಸರಿಯನ್ನು ಮರಳಿ ತಂದವರು ಸುಳ್ಳು ಹೇಳಿದ ಹಾಗಾಯಿತೇ? ಹಾಗೇ ಬಿಟ್ಟವರು ನಿಜ ಹೇಳಿದ ಹಾಗಾಯಿತೇ?

ಕಬಿನಿಯ ಕರಿಚಿರತೆಯ ಉದಾಹರಣೆ ತೆಗೆದುಕೊಳ್ಳೋಣ. ಕ್ಯಾಮೆರಾದ ಮೀಟರು ಎದುರಿನ ದೃಶ್ಯ ಸರಾಸರಿಯಾಗಿ ನಡುವಣ ಬೂದು ಬಣ್ಣದ್ದು ಎಂದು ನಂಬಿ ಲೆಕ್ಕ ಹಾಕುತ್ತದೆ. ದಟ್ಟ ಪೊದೆಯ ನೆರಳಲ್ಲಿ ಕಪ್ಪು ಪ್ರಾಣಿ ನಿಂತರೆ ಅದು ಬೆಳಕು ಸಾಲದೆಂದುಕೊಂಡು ಎಕ್ಸ್‌ಪೋಶರ್ ಹೆಚ್ಚಿಸುತ್ತದೆ. ಕಪ್ಪು ಚಿರತೆ ಮಾಸಲು ಕಂದಾಗುತ್ತದೆ, ಹಿಂದಿನ ಎಲೆಗಳು ಬಿಳಿಚಿಕೊಳ್ಳುತ್ತವೆ. ಬೆಳ್ಳಕ್ಕಿಯ ಮುಂದೆ ಇದೇ ಮೀಟರು ಉಲ್ಟಾ ಕೆಲಸ ಮಾಡಿ ಬಿಳಿ ಗರಿಯನ್ನು ಬೂದು ಬಣ್ಣಕ್ಕಿಳಿಸುತ್ತದೆ. ಅನುಭವವಿರುವವರು ಚಿರತೆಗೆ ಒಂದು ಸ್ಟಾಪ್ ಕಡಿಮೆ ಮಾಡಿ ಕ್ಲಿಕ್ಕಿಸುತ್ತಾರೆ. ಆಮೇಲೆ ರಾ ಫೈಲ್ ತೆರೆದು ಶಾಡೋ ಸ್ಲೈಡರನ್ನು ಮೆಲ್ಲಗೆ ಮೇಲೆತ್ತಿದರೆ, ಕಪ್ಪಿನೊಳಗೆ ಇನ್ನೂ ಕಪ್ಪಾದ ಚುಕ್ಕೆಗಳ ಹೂಗೊಂಚಲು ಒಂದೊಂದಾಗಿ ಮೇಲೇಳುತ್ತದೆ. ಆ ಚುಕ್ಕೆಗಳು ಅಲ್ಲಿದ್ದವೇ. ಕರಿಚಿರತೆ ಬೇರೆ ಜಾತಿಯಲ್ಲ, ಮೆಲನಿನ್ ಹೆಚ್ಚಾದ ಮಾಮೂಲಿ ಚಿರತೆ; ಓರೆ ಬಿಸಿಲು ಮೈಮೇಲೆ ಬಿದ್ದಾಗ ಬರಿಗಣ್ಣಿಗೂ ಚುಕ್ಕೆ ಕಾಣುತ್ತದೆ. ಇಲ್ಲಿ ಎಡಿಟಿಂಗ್ ಪ್ರಾಣಿಯನ್ನು ಅದರ ನಿಜಕ್ಕೆ ಹತ್ತಿರ ತಂದಿತು. ಅದೇ ಕೈ ಇನ್ನೊಂದು ಸ್ಲೈಡರಿಗೆ ಹೋಗಿ ಕಣ್ಣಿನ ಹಳದಿಯನ್ನು ಕೆಂಡದ ಹಾಗೆ ಉರಿಸಿದರೆ, ಅಲ್ಲಿಂದ ಮುಂದೆ ಆ ಫೋಟೊದಲ್ಲಿರುವುದು ಕಬಿನಿಯ ಪ್ರಾಣಿಯಲ್ಲ.

ಫೋನಿನಲ್ಲಿ ತೆಗೆದು ‘ನೋ ಎಡಿಟ್’ ಎನ್ನುವವರ ಮಾತಂತೂ ನಿಲ್ಲುವುದೇ ಇಲ್ಲ. ಇಂದಿನ ಫೋನು ಒಂದು ಕ್ಲಿಕ್ಕಿಗೆ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿ, ಆಕಾಶಕ್ಕೊಂದು ಮುಖಕ್ಕೊಂದು ಹದ ಕೊಟ್ಟು ನಮ್ಮ ಕೈಗಿಡುತ್ತದೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯಲ್ಲಿ ಹಾಕಿ, ಕೋಣೆ ಕತ್ತಲು ಮಾಡಿ, ಸ್ಯಾಮ್‌ಸಂಗ್ ಫೋನಿನಿಂದ ಅದರ ಫೋಟೊ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದ್ದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಕೃತಕ ಬುದ್ಧಿಮತ್ತೆ ಅದರಲ್ಲಿದೆ ಎಂದು ಕಂಪನಿ ವಿವರಣೆ ಕೊಟ್ಟಿತು.

ಇದೆಲ್ಲ ಡಿಜಿಟಲ್ ಕಾಲದ ರೋಗ, ಫಿಲ್ಮಿನ ದಿನಗಳು ಶುದ್ಧವಾಗಿದ್ದವು ಎಂದು ಹಳಬರು ಹೇಳುವುದುಂಟು. ಇತಿಹಾಸ ಬೇರೆ ಹೇಳುತ್ತದೆ. 1850ರ ದಶಕದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಸಮುದ್ರ ಸರಿಯಾಗಿ ಬಂದರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಗಳಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದರು. 1857ರಲ್ಲಿ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ‘ದ ಟೂ ವೇಸ್ ಆಫ್ ಲೈಫ್’ ಎಂಬ ದೊಡ್ಡ ಚಿತ್ರ ಮಾಡಿ ಮ್ಯಾಂಚೆಸ್ಟರ್ ಪ್ರದರ್ಶನದಲ್ಲಿಟ್ಟರು. ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿ ಕೊಂಡರು. ಫೋಟೊಶಾಪ್ ಹುಟ್ಟಿದ್ದು 1990ರಲ್ಲಿ.

ನಮ್ಮ ಊರುಗಳ ಸ್ಟುಡಿಯೊಗಳಲ್ಲೂ ‘ಟಚಿಂಗ್’ ಎಂಬ ಕೆಲಸಕ್ಕೇ ಒಬ್ಬರಿರುತ್ತಿದ್ದರು. ಕೆಳಗಿನಿಂದ ಬೆಳಕು ಬರುವ ಇಳಿಜಾರು ಮೇಜು. ಅದರ ಮೇಲೆ ನೆಗೆಟಿವ್. ಸೂಜಿಯಂತೆ ಕೆತ್ತಿದ ಪೆನ್ಸಿಲ್. ಕಣ್ಣಿನ ಕೆಳಗಿನ ಸುಕ್ಕು, ಸಿಡುಬಿನ ಕಲೆ, ಮೊಡವೆ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುವ ಜಾಗಗಳು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಪೆನ್ಸಿಲ್ ಆಡಿಸಿ ತುಂಬಿದರೆ ಪ್ರಿಂಟಿನಲ್ಲಿ ಮುಖ ನುಣುಪಾಗಿ ಬರುತ್ತಿತ್ತು. ಆಮೇಲೆ ಬ್ರಷ್‌ನಿಂದ ಕೆನ್ನೆಗೆ ಗುಲಾಬಿ, ಸೀರೆಯಂಚಿಗೆ ಬಂಗಾರದ ಬಣ್ಣ. ತೀರಿಹೋದ ತಾತನ ಒಂಟಿ ಫೋಟೊ ಇಲ್ಲದಿದ್ದರೆ ಯಾವುದೋ ಮದುವೆಯ ಗುಂಪು ಚಿತ್ರದಿಂದ ತಲೆಯೊಂದನ್ನೇ ದೊಡ್ಡದು ಮಾಡಿ, ಕೋಟು ಬರೆದು, ರುಮಾಲು ಸರಿಪಡಿಸಿ, ಗೋಡೆಗೆ ತೂಗುಹಾಕುವ ಚಿತ್ರ ಮಾಡಿಕೊಡುತ್ತಿದ್ದರು. ಟಚಿಂಗ್ ಮಾಡುವವರು ಆ ತಾತನನ್ನು ನೋಡಿರುತ್ತಿರಲಿಲ್ಲ ನಿಜ. ಆದರೆ ಮನೆಯವರು ಎದುರಿಗೆ ನಿಂತು, ಮೂಗು ಇಷ್ಟು ಚೂಪಿರಲಿಲ್ಲ, ಮೀಸೆ ಇನ್ನೂ ದಪ್ಪ ಎಂದು ಹೇಳಿ ಹೇಳಿ ತಿದ್ದಿಸುತ್ತಿದ್ದರು. ಕಂಡವರ ಸಾಕ್ಷ್ಯ ಅಲ್ಲಿತ್ತು. ಅದಕ್ಕೇ ಆ ಚಿತ್ರಗಳು ಇಂದಿಗೂ ಮನೆಯವರಿಗೆ ತಾತನೇ.

ಡಾರ್ಕ್‌ರೂಮಿನ ಮಹಾಗುರು ಆ್ಯನ್ಸೆಲ್ ಆ್ಯಡಮ್ಸ್ ನನ್ನ ವಾದಕ್ಕೆ ಕಷ್ಟ ಕೊಡುತ್ತಾರೆ. ಚಿತ್ರಕಲೆಯ ಹಾಗೆ ಮಸುಕು ಮಸುಕಾಗಿ ಫೋಟೊ ಮಾಡುವ ಗೀಳಿನ ವಿರುದ್ಧ 1932ರಲ್ಲಿ ‘ಎಫ್/64’ ಎಂಬ ಗುಂಪು ಕಟ್ಟಿದ ಶುದ್ಧಾಚಾರಿಗಳಲ್ಲಿ ಅವರೂ ಒಬ್ಬರು. ಅದೇ ಆ್ಯಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುವ ಚಿತ್ರ ತೆಗೆದು, ಮುಂದಿನ ದಶಕಗಳಲ್ಲಿ ಆ ಒಂದು ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಪ್ರಿಂಟ್ ಹಾಕಿದರು. ಎನ್‌ಲಾರ್ಜರಿನ ಕೆಳಗೆ ಕೈ ಅಡ್ಡ ಹಿಡಿದು ಕೆಲವು ಭಾಗಕ್ಕೆ ಬೆಳಕು ಕಡಿಮೆ ಕೊಡುವುದು ಡಾಡ್ಜಿಂಗ್, ಕೆಲವು ಭಾಗಕ್ಕೆ ಹೆಚ್ಚು ಕೊಡುವುದು ಬರ್ನಿಂಗ್. ಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿ ಬೂದು, ಅದರಲ್ಲಿ ಮೋಡದ ಎಳೆಗಳು. ಕೊನೆಕೊನೆಯವುಗಳಲ್ಲಿ ಆಕಾಶ ಕಾಡಿಗೆಗಪ್ಪು. ಅಷ್ಟು ಕಪ್ಪನ್ನು ಅವರು ಆ ಸಂಜೆ ಕಂಡಿರಲಾರರು. ಆದರೂ ಆ ಚಿತ್ರ ನನಗೆ ಸುಳ್ಳೆನಿಸುವುದಿಲ್ಲ. ಚಂದ್ರ, ಹಳ್ಳಿ, ಗೋರಿಗಳ ಮೇಲಿನ ಬಿಳಿ ಶಿಲುಬೆಗಳು, ಅವುಗಳ ನಡುವಿನ ದೂರ ಎಲ್ಲವೂ ಅಲ್ಲಿದ್ದ ಹಾಗೇ ಇವೆ. ಬದಲಾದದ್ದು ಬೆಳಕಿನ ತೂಕ. ಅದನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕ ಬರೆದು ಎಲ್ಲರಿಗೂ ಕಲಿಸಿದರು.

ಕ್ರಾಪ್ ಮಾಡುವುದನ್ನೇ ಒಪ್ಪದ ಆನ್ರಿ ಕಾರ್ತಿಯೇ-ಬ್ರೆಸೋನ್ ಕೂಡ, ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುವ ಮನುಷ್ಯನ 1932ರ ಪ್ರಸಿದ್ಧ ಚಿತ್ರವನ್ನು ಕ್ರಾಪ್ ಮಾಡಿಯೇ ತೋರಿಸಬೇಕಾಯಿತು. ಬೇಲಿಯ ಸಂದಿಯಲ್ಲಿ ಕ್ಯಾಮೆರಾ ತೂರಿಸಿ ತೆಗೆದದ್ದರಿಂದ ಒಂದು ಬದಿ ಮುಚ್ಚಿಹೋಗಿತ್ತು.

ಸುದ್ದಿಚಿತ್ರದ ಲೋಕಕ್ಕೆ ಬಂದರೆ ನಿಯಮ ಬಿಗಿಯಾಗುತ್ತದೆ. ಬಿಗಿಯಾಗಲೇಬೇಕು. 2003ರಲ್ಲಿ ಇರಾಕ್ ಯುದ್ಧ ನಡೆಯುತ್ತಿದ್ದಾಗ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯನ್ ವಾಲ್ಸ್ಕಿ ಬಸ್ರಾದ ಬಳಿ ಒಂದೆರಡು ಗಳಿಗೆ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಬೆಸೆದರು. ಒಂದರಲ್ಲಿ ಕೈಯೆತ್ತಿದ ಬ್ರಿಟಿಷ್ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡು ಬರುವ ಮನುಷ್ಯ. ಹಿಂದೆ ಕೂತ ಜನರಲ್ಲಿ ಕೆಲವರು ಎರಡೆರಡು ಸಲ ಕಾಣಿಸುತ್ತಿದ್ದುದನ್ನು ಬೇರೊಂದು ಪತ್ರಿಕೆಯ ಸಿಬ್ಬಂದಿ ಗಮನಿಸಿದರು. ವಾಲ್ಸ್ಕಿ ಕೆಲಸ ಕಳೆದುಕೊಂಡರು. ಈ ಪ್ರಕರಣ ನನ್ನನ್ನು ಬಹಳ ಕಾಡಿದೆ. ಅವರು ಅಲ್ಲಿದ್ದರು. ಎರಡೂ ದೃಶ್ಯಗಳನ್ನು ಪ್ರಾಣವನ್ನು ಪಣಕ್ಕಿಟ್ಟು ಕಂಡಿದ್ದರು. ಆದರೆ ಆ ಸೈನಿಕ ಹಾಗೆ ಕೈ ಮಾಡಿದಾಗ ಆ ತಂದೆ ಹಾಗೆ ನೋಡುತ್ತಿದ್ದ ಗಳಿಗೆಯನ್ನು ಅವರೂ ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ. ಸೈನಿಕ ಆ ತಂದೆಯನ್ನು ಗದರಿಸುತ್ತಿದ್ದಾನೆ ಎಂದು ಓದುಗರಿಗೆ ಅನಿಸುವ ಸಂಬಂಧವೊಂದನ್ನು ಆ ಬೆಸುಗೆ ಹೊಸದಾಗಿ ಹುಟ್ಟಿಸಿತು.

2006ರಲ್ಲಿ ಬೈರೂತ್ ಮೇಲಿನ ಬಾಂಬ್ ದಾಳಿಯ ಹೊಗೆಯನ್ನು ಕ್ಲೋನ್ ಮಾಡಿ ದಟ್ಟವಾಗಿಸಿದ ಅದ್ನಾನ್ ಹಜ್ ಅವರ 920 ಚಿತ್ರಗಳನ್ನು ರಾಯಿಟರ್ಸ್ ತನ್ನ ಸಂಗ್ರಹದಿಂದಲೇ ತೆಗೆದುಹಾಕಿತು. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್, ಸಿರಿಯಾ ಯುದ್ಧದ ಚಿತ್ರಗಳಿಗಾಗಿ ಹಿಂದಿನ ವರ್ಷ ಪುಲಿಟ್ಜರ್ ಗೆದ್ದ ತನ್ನ ತಂಡದಲ್ಲಿದ್ದ ನಾರ್ಸಿಸೊ ಕೊಂಟ್ರೆರಾಸ್ ಜೊತೆ ಸಂಬಂಧ ಕಡಿದುಕೊಂಡಿತು. ಅವರು ಅಳಿಸಿದ್ದು ಚಿತ್ರದ ಮೂಲೆಯಲ್ಲಿ ಬಿದ್ದಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು, ಅಷ್ಟೇ. ಅಷ್ಟಕ್ಕೇ ಇಷ್ಟು ಶಿಕ್ಷೆಯೇ ಎಂದು ಕೇಳಿದವರು ಹಲವರು. ಮೂಲೆಯ ಕ್ಯಾಮೆರಾ ಅಳಿಸಿದವರು ನಾಳೆ ಬೇರೇನನ್ನು ಅಳಿಸಿಯಾರೋ ಎಂಬ ಅನುಮಾನ ಉಳಿದೆಲ್ಲ ಚಿತ್ರಗಳ ಮೇಲೂ ಬೀಳುತ್ತದೆ. ಯುದ್ಧಭೂಮಿಯ ಫೋಟೊಗೆ ಆ ಅನುಮಾನವನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. ನಮ್ಮಲ್ಲೂ 2015ರ ಡಿಸೆಂಬರಿನಲ್ಲಿ ಚೆನ್ನೈ ಪ್ರವಾಹದ ವೇಳೆ ಪ್ರಧಾನಿಯವರ ವೈಮಾನಿಕ ಸಮೀಕ್ಷೆಯ ಫೋಟೊ ಒಂದರಲ್ಲಿ ಕಿಟಕಿಯಾಚೆಗೆ ಬೇರೆ ದೃಶ್ಯ ಕೂರಿಸಿದ್ದು ಬಯಲಾಗಿ, ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಚಿತ್ರವನ್ನು ಹಿಂತೆಗೆದುಕೊಂಡು ವಿಷಾದ ಸೂಚಿಸಿತು. ನಿಜವಾಗಿ ಮುಳುಗಿದ್ದ ಊರಿನ ನಿಜವಾದ ಸಂಕಟಕ್ಕೆ ಆ ಬೆಸುಗೆ ಬೇಕಿರಲಿಲ್ಲ.

ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಕೊನೆಯ ಸುತ್ತುಗಳಿಗೆ ಬಂದವರಿಂದ ಮೂಲ ಫೈಲುಗಳನ್ನು ತರಿಸಿ ನೋಡುತ್ತದೆ. 2015ರಲ್ಲಿ ಅಂತಿಮ ಸುತ್ತಿನ ಹಿಂದಿನ ಹಂತಕ್ಕೆ ಬಂದಿದ್ದ ಚಿತ್ರಗಳಲ್ಲಿ ಶೇ 20ರಷ್ಟು ಅನರ್ಹವಾದವು. ಅದಕ್ಕೂ ಎರಡು ವರ್ಷ ಮೊದಲು ಪ್ರಶಸ್ತಿ ಗೆದ್ದ ಪಾಲ್ ಹ್ಯಾನ್ಸೆನ್ ಅವರ ಚಿತ್ರ, ಗಾಜಾದ ಓಣಿಯಲ್ಲಿ ಎರಡು ಮಕ್ಕಳ ಶವ ಹೊತ್ತು ನಡೆಯುವ ಗಂಡಸರದ್ದು, ಸಿನಿಮಾದ ಹಾಗೆ ಹೊಳೆಯುತ್ತಿದೆ, ಹಲವು ಚಿತ್ರಗಳ ಜೋಡಣೆಯಿರಬೇಕು ಎಂಬ ಆರೋಪ ಬಂತು. ತಜ್ಞರು ರಾ ಫೈಲ್ ಪರೀಕ್ಷಿಸಿ ಚಿತ್ರ ನೈಜವೆಂದರು; ಬೆಳಕು ನೆರಳಿನ ಹದವನ್ನಷ್ಟೇ ಬದಲಿಸಲಾಗಿತ್ತು. ನಿಯಮದ ಪ್ರಕಾರ ತಪ್ಪಿಲ್ಲ. ಆದರೂ ಸತ್ತ ಮಕ್ಕಳ ಮುಖದ ಮೇಲೆ ಪೋಸ್ಟರಿನ ಮೆರುಗು ಕಂಡಾಗ ನೋಡುವವರ ಮನಸ್ಸು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಒಂದು ವಸ್ತುವನ್ನೂ ಸೇರಿಸದೆ, ಅಳಿಸದೆ, ಬರೀ ಟೋನಿನಿಂದಲೇ ಸಾಕ್ಷ್ಯವನ್ನು ಸಡಿಲಗೊಳಿಸಬಹುದು.

2015ರಲ್ಲೇ ರಾಯಿಟರ್ಸ್ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲ್‌ನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ತೆಗೆದದ್ದನ್ನು ಕಳಿಸಿ ಎಂದು ಸೂಚಿಸಿತು. ವೇಗವೂ ಬೇಕು, ವಿಶ್ವಾಸವೂ ಬೇಕು ಎಂಬ ಅದರ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಇದು ಕಂಡವರ ಕೈಯಿಂದ ತೀರ್ಮಾನವನ್ನು ಕಿತ್ತು ಕಾಣದವರ ಕೈಗೆ ಕೊಟ್ಟ ಹಾಗೆ. ಎರಡನ್ನೂ ತರಿಸಿಕೊಂಡು ಹೋಲಿಸಿ ನೋಡುವುದು ಹೆಚ್ಚು ಶ್ರಮದ, ಹೆಚ್ಚು ಪ್ರಾಮಾಣಿಕವಾದ ದಾರಿ.

ಕರ್ನಾಟಕದಲ್ಲಿ ಈ ವಾದ ಎಲ್ಲಕ್ಕಿಂತ ಬಿಸಿಯಾಗುವುದು ವನ್ಯಜೀವಿ ಛಾಯಾಗ್ರಹಣದಲ್ಲಿ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರಂಥವರು ಫಿಲ್ಮಿನ ಕಾಲದಲ್ಲಿ ಮರೆಯಲ್ಲಿ ಗಂಟೆಗಟ್ಟಲೆ ಕಾದು ಕಟ್ಟಿದ ಪರಂಪರೆ ನಮ್ಮದು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದದ್ದು ಓದುಗರಿಗೆಲ್ಲ ಗೊತ್ತು. ಇಂದು ನಮ್ಮ ಕ್ಲಬ್ಬುಗಳಿಂದ ಅಂತರರಾಷ್ಟ್ರೀಯ ಸಲೋನುಗಳಿಗೆ ರಾಶಿ ರಾಶಿ ಚಿತ್ರಗಳು ಹೋಗುತ್ತವೆ. ಅಲ್ಲಿ ‘ನೇಚರ್’ ವಿಭಾಗಕ್ಕೆ ಕಟ್ಟುನಿಟ್ಟಿನ ವ್ಯಾಖ್ಯೆ ಇದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಫಿಕ್ ಸೊಸೈಟಿ ಮೂರೂ ಒಪ್ಪಿ 2015ರಿಂದ ಜಾರಿಗೆ ತಂದದ್ದು. ಕ್ರಾಪ್ ಮಾಡಬಹುದು, ಬೆಳಕು ಬಣ್ಣ ಹದಗೊಳಿಸಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು. ಆದರೆ ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ, ನೋಡಲು ಸಹಜವಾಗಿರಬೇಕು.

ಈ ನಿಯಮದ ಬಿಸಿ ತಟ್ಟುವುದು ಒಂದು ಕಡ್ಡಿಯ ವಿಷಯದಲ್ಲಿ. ಮಿಂಚುಳ್ಳಿ ಮೀನು ಕಚ್ಚಿ ಕೂತಿದೆ, ಬೆಳಕು ಚೆನ್ನಾಗಿದೆ, ಕಣ್ಣಿನಲ್ಲಿ ಹೊಳಪಿದೆ. ಎದೆಯ ಮೇಲೆ ಅಡ್ಡಲಾಗಿ ಒಂದು ಒಣ ಕಡ್ಡಿಯ ಮಸುಕು ಗೆರೆ. ಇಂದಿನ ತಂತ್ರಾಂಶದಲ್ಲಿ ಅದರ ಮೇಲೆ ಬ್ರಷ್ ಎಳೆದರೆ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಕಡ್ಡಿ ಮಾಯವಾಗಿ ಅದರ ಜಾಗದಲ್ಲಿ ಗರಿಗಳು ಮೂಡುತ್ತವೆ. ಯಾರ ಗರಿಗಳು ಅವು? ಆ ಹಕ್ಕಿಯ ಮೈಮೇಲೆ ಕಡ್ಡಿಯ ಹಿಂದೆ ಏನಿತ್ತೆಂದು ಕ್ಯಾಮೆರಾ ಕಂಡಿಲ್ಲ, ಫೋಟೊಗ್ರಾಫರೂ ಕಂಡಿಲ್ಲ. ಎಲ್ಲಿಯೋ ಇರುವ ಬೇರೆ ಸಾವಿರಾರು ಹಕ್ಕಿಗಳ ಚಿತ್ರಗಳಿಂದ ಕಲಿತು ಯಂತ್ರ ಹೊಸೆದ ಗರಿಗಳು ಅವು. ಕಡ್ಡಿಗೂ ಅದರದೇ ಅರ್ಥವಿದೆ: ಈ ಹಕ್ಕಿ ಎಂಥ ಪೊದೆಯಲ್ಲಿ, ಎಷ್ಟು ಮರೆಯಲ್ಲಿ ಬದುಕುತ್ತದೆ ಎಂಬುದರ ಸುಳಿವು ಅದು. ಸೋಷಿಯಲ್ ಮೀಡಿಯಾದಲ್ಲಿ ಕಾಣುವ ಹಕ್ಕಿಗಳೆಲ್ಲ ಒಂದೇ ಬೋಳು ಟೊಂಗೆಯ ಮೇಲೆ, ಒಂದೇ ತಿಳಿಹಸಿರು ಹಿನ್ನೆಲೆಯಲ್ಲಿ ಕೂತಿರುವುದು ನೋಡಿದರೆ ಕಾಡನ್ನೇ ಅಳಿಸಿಹಾಕಿ ಹಕ್ಕಿಯನ್ನು ಉಳಿಸಿಕೊಂಡಂತೆ ಕಾಣುತ್ತದೆ.

ಹಾಗೆಂದು ನಿಯಮ ಪಾಲಿಸಿದ್ದೆಲ್ಲ ಸತ್ಯ ಎಂದುಕೊಳ್ಳಬಾರದು. ಹುಲಿಯೊಂದರ ಸುತ್ತ ಏಳೆಂಟು ಸಫಾರಿ ಜೀಪುಗಳು ಮುತ್ತಿಕೊಂಡಿದ್ದರೂ ಜೀಪುಗಳನ್ನು ಹೊರಗಿಟ್ಟು ಕ್ರಾಪ್ ಮಾಡಿದರೆ ಯಾವ ಜ್ಯೂರಿಯೂ ಆಕ್ಷೇಪಿಸುವುದಿಲ್ಲ. ನಿರ್ಜನ ಕಾಡಿನ ಒಂಟಿ ಹುಲಿಯಾಗಿ ಅದು ಬಹುಮಾನ ಪಡೆಯಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವನ್ಯಜೀವಿ ಸ್ಪರ್ಧೆಯಲ್ಲಿ ಬೇಲಿ ಹಾರುವ ತೋಳದ ಚಿತ್ರಕ್ಕೆ 2009ರಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು. ಅದು ಸಾಕಿದ ತೋಳವಿರಬೇಕೆಂದು ತೀರ್ಮಾನಿಸಿ ಮರುವರ್ಷ ಹಿಂಪಡೆದರು. 2017ರಲ್ಲಿ ಅದೇ ಸ್ಪರ್ಧೆಯ ವಿಭಾಗವೊಂದರಲ್ಲಿ ಗೆದ್ದ ಇರುವೆಬಾಕ ಹುಲ್ಲು ತುಂಬಿದ ಬೊಂಬೆಯೆಂಬ ನಿರ್ಣಯಕ್ಕೆ ಬಂದು ಅನರ್ಹಗೊಳಿಸಿದರು. ಚೀನಾದ ಶಾಂಕ್ಸಿ ಪ್ರಾಂತ್ಯದಲ್ಲಿ 2007ರಲ್ಲಿ ರೈತರೊಬ್ಬರು ಕಾಡಿನಲ್ಲಿ ಕಂಡ ದಕ್ಷಿಣ ಚೀನಾ ಹುಲಿ ಎಂದು ಕೊಟ್ಟ ಫೋಟೊಗಳಲ್ಲಿದ್ದದ್ದು ಗೋಡೆಗೆ ಅಂಟಿಸುವ ಚಿತ್ರಪಟದ ಹುಲಿ. ಮೋಸ ನಡೆದದ್ದು ಶಟರ್ ಒತ್ತುವ ಮೊದಲೇ. ರಾ ಫೈಲ್ ತಪಾಸಣೆ ಪಿಕ್ಸೆಲ್‌ಗಳ ಮೋಸವನ್ನು ಹಿಡಿಯುತ್ತದೆ, ಮನುಷ್ಯರ ಮೋಸವನ್ನು ಹಿಡಿಯಲು ಬೇರೆ ಕಣ್ಣೇ ಬೇಕು.

ಸುದ್ದಿ, ಕಲೆ ಎರಡಕ್ಕೂ ಕಾಲು ಚಾಚಿದವರ ವಿಷಯ ಜಟಿಲ. ‘ಆಫ್ಘನ್ ಹುಡುಗಿ’ಯ ಚಿತ್ರದಿಂದ ಲೋಕಪ್ರಸಿದ್ಧರಾದ ಸ್ಟೀವ್ ಮೆಕರಿ ಅವರ ಕ್ಯೂಬಾದ ಫೋಟೊ ಒಂದು 2016ರಲ್ಲಿ ಇಟಲಿಯಲ್ಲಿ ಪ್ರದರ್ಶನಕ್ಕಿದ್ದಾಗ, ರಸ್ತೆಯ ಕಂಬವೊಂದರ ಬುಡ ಕಿತ್ತು ಬೇರೆಡೆ ಬಿದ್ದಂತಿರುವುದನ್ನು ಒಬ್ಬ ಪ್ರೇಕ್ಷಕರು ಗಮನಿಸಿದರು. ಹುಡುಕಿದಾಗ ಬೇರೆ ಚಿತ್ರಗಳಲ್ಲೂ ಮನುಷ್ಯರು, ವಸ್ತುಗಳು ಮಾಯವಾಗಿದ್ದು ಹೊರಬಿತ್ತು. ತಾವು ಪತ್ರಕರ್ತರಲ್ಲ, ಚಿತ್ರದ ಮೂಲಕ ಕಥೆ ಹೇಳುವವರು ಎಂದು ಮೆಕರಿ ಸಮರ್ಥಿಸಿಕೊಂಡರು. ಆದರೆ ಅವರ ಚಿತ್ರಗಳನ್ನು ನ್ಯಾಷನಲ್ ಜಿಯೊಗ್ರಾಫಿಕ್‌ನಲ್ಲಿ ನೋಡುತ್ತ ಬೆಳೆದವರಿಗೆ ಯಾವುದು ಕಥೆ, ಯಾವುದು ವರದಿ ಎಂದು ಹೇಳಿದವರಾರು? ನಮ್ಮ ಬೀದಿಗಳಿಂದ ವೈರುಗಳನ್ನು, ಅಡ್ಡ ನಿಂತವರನ್ನು, ಪ್ಲಾಸ್ಟಿಕ್ ಕೊಡಗಳನ್ನು ಅಳಿಸಿ ಬಣ್ಣಬಣ್ಣದ ರುಮಾಲುಗಳನ್ನು ಮಾತ್ರ ಉಳಿಸಿದರೆ, ಹೊರಗಿನವರ ಕಣ್ಣಿಗೆ ಹಿತವಾಗುವ ಒಂದು ಇಂಡಿಯಾ ಸಿದ್ಧವಾಗುತ್ತದೆ. ಆ ವೈರುಗಳ ಕೆಳಗೆ ಬದುಕುವವರು ನಾವು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಹಳೆಯ ವಾದಕ್ಕೆ ಹೊಸ ತುದಿ ಮೂಡಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ವರ್ಲ್ಡ್ ಫೋಟೊಗ್ರಫಿ ಸ್ಪರ್ಧೆಯ ವಿಭಾಗವೊಂದರಲ್ಲಿ ಗೆದ್ದು, ಇದು ಯಂತ್ರದಿಂದ ಹುಟ್ಟಿಸಿದ ಚಿತ್ರ, ಚರ್ಚೆಯಾಗಲೆಂದೇ ಕಳಿಸಿದೆ ಎಂದು ಬಹುಮಾನ ನಿರಾಕರಿಸಿದರು. ಅಂಥ ಚಿತ್ರದ ಮುಂದೆ ಯಾರೂ ನಿಂತಿರಲಿಲ್ಲ. ಯಾವ ಬೆಳಕೂ ಅದಕ್ಕೆ ಸಾಕ್ಷಿಯಲ್ಲ. ಅದೇ ವರ್ಷ ಲೈಕಾ ಕಂಪನಿ, ಫೋಟೊ ಹುಟ್ಟಿದ ಕ್ಷಣದಲ್ಲೇ ಡಿಜಿಟಲ್ ಸಹಿ ಹಾಕಿ ಮುಂದಿನ ಪ್ರತಿ ತಿದ್ದುಪಡಿಯೂ ದಾಖಲಾಗಲು ಅನುವಾಗುವ ಎಂ11-ಪಿ ಕ್ಯಾಮೆರಾ ತಂದಿತು. ತಿದ್ದುವುದನ್ನು ನಿಷೇಧಿಸದೆ ತಿದ್ದಿದ್ದನ್ನು ಬರೆದಿಡುವ ಈ ದಾರಿಯಲ್ಲಿ ನನಗೆ ಭರವಸೆಯಿದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲ್ ತುಸು ಬದಲಾದರೂ ಬದಲಾಗಿಬಿಡುವ ಅದರ ಗುರುತನ್ನು, ಕೇಳುತ್ತದೆ. ಅಪಘಾತವನ್ನೋ ಜಮೀನಿನ ಗಡಿಯನ್ನೋ ಫೋಟೊ ತೆಗೆಯುವವರು ಮೂಲ ಫೈಲನ್ನು ಮುಟ್ಟದೆ ಇಟ್ಟು ನಕಲಿನಲ್ಲಷ್ಟೇ ಕೆಲಸ ಮಾಡುವುದು ಒಳ್ಳೆಯದು.

ಇಷ್ಟೆಲ್ಲ ಚರ್ಚೆ ನಡೆಯುವುದು ಯುದ್ಧ, ಹುಲಿ, ಪ್ರಶಸ್ತಿಗಳ ಸುತ್ತ. ಆದರೆ ನಮ್ಮ ನಾಡಿನಲ್ಲಿ ಅತಿ ಹೆಚ್ಚು ತಿದ್ದಲ್ಪಡುವ ಮುಖ ಮದುಮಗಳದ್ದು. ಅದರ ಬಗ್ಗೆ ಯಾರೂ ನಿಯಮ ಬರೆದಿಲ್ಲ.

ಮದುವೆಯ ಫೋಟೊ ತೆಗೆದವರೇ ಆಲ್ಬಂ ಮಾಡುವುದು ಈಗ ಅಪರೂಪ. ಸಾವಿರಾರು ಫೋಟೊಗಳು ಹಾರ್ಡ್‌ಡಿಸ್ಕಿನಲ್ಲೋ ಲಿಂಕಿನಲ್ಲೋ ಇನ್ನೊಂದು ಊರಿನ ಡಿಸೈನರ್ ಬಳಿ ಹೋಗುತ್ತವೆ. ಅವರು ಆ ಛತ್ರ ನೋಡಿಲ್ಲ, ಆ ಹುಡುಗಿಯನ್ನು ನೋಡಿಲ್ಲ. ಒಂದು ಪ್ರಿಸೆಟ್ ಹಾಕಿ ಎಲ್ಲಕ್ಕೂ ಅನ್ವಯಿಸುತ್ತಾರೆ. ಲೈಟ್‌ರೂಮ್ ತಂತ್ರಾಂಶದಲ್ಲಿ ಕಿತ್ತಳೆ ಬಣ್ಣದ ಲ್ಯೂಮಿನನ್ಸ್ ಸ್ಲೈಡರ್ ಒಂದಿದೆ. ನಮ್ಮೆಲ್ಲರ ಚರ್ಮದ ಬಣ್ಣ ಹೆಚ್ಚುಕಡಿಮೆ ಬೀಳುವುದು ಆ ಬಣ್ಣದೊಳಗೆ. ಅದನ್ನು ಬಲಕ್ಕೆ ಎಳೆದರೆ ಕಪ್ಪು ಹುಡುಗಿ ಬೆಳ್ಳಗಾಗುತ್ತಾಳೆ. ಆದರೆ ಆ ಸ್ಲೈಡರಿಗೆ ಚರ್ಮ ಯಾವುದು, ಬಂಗಾರ ಯಾವುದು ಗೊತ್ತಿಲ್ಲ. ಆಲ್ಬಮ್ಮಿನ ಹಾಳೆಯನ್ನು ಹತ್ತಿರದಿಂದ ನೋಡಿ: ಕತ್ತಿನ ಸರ ಹಿತ್ತಾಳೆಯ ಹಾಗೆ ಬಿಳಿಚಿಕೊಂಡಿರುತ್ತದೆ, ಅರಿಶಿನದ ಕೊಂಬು ಸುಣ್ಣ ಬಳಿದಂತಿರುತ್ತದೆ, ಸೇವಂತಿಗೆ ಮಾಲೆಯ ಹಳದಿ ಸತ್ತಿರುತ್ತದೆ. ಮುಖದ ಮೇಲೆ ಆದ ಅನ್ಯಾಯದ ಲೆಕ್ಕ ಬಂಗಾರದಲ್ಲಿ ಸಿಗುತ್ತದೆ.

ಇದಕ್ಕೂ ಒಂದು ಹಿನ್ನೆಲೆಯಿದೆ. ಕೊಡಾಕ್ ಕಂಪನಿ ದಶಕಗಳ ಕಾಲ ಬಣ್ಣದ ಪ್ರಿಂಟುಗಳ ಹದ ನೋಡಲು ಲ್ಯಾಬುಗಳಿಗೆ ಕಳಿಸುತ್ತಿದ್ದದ್ದು ಬಿಳಿ ಹೆಣ್ಣಿನ ಚಿತ್ರವಿದ್ದ ‘ಶರ್ಲಿ ಕಾರ್ಡ್’. ಆ ಮುಖ ಸರಿ ಬಂದರೆ ಎಲ್ಲ ಸರಿ. ಕಂದು ಛಾಯೆಗಳು ಸರಿಯಾಗಿ ಮೂಡುವ ಫಿಲ್ಮ್ ಬರಲು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರುಗಳೂ ಕಾರಣವಾದವು ಎಂಬುದನ್ನು ಕೆನಡಾದ ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಕಪ್ಪು ಜನರ ಮುಖ ಸಾಕಾಗಲಿಲ್ಲ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಎಲ್ಲ ಮೈಬಣ್ಣಗಳನ್ನೂ ನಿಜವಾಗಿ ತೋರಿಸುವ ‘ರಿಯಲ್ ಟೋನ್’ ಎಂದು ಪ್ರಚಾರ ಮಾಡಿದ್ದು 2021ರಲ್ಲಿ.

ಹಾಗಾದರೆ ಮದುವೆಯ ಫೋಟೊವನ್ನು ಮುಟ್ಟಲೇಬಾರದೇ? ಖಂಡಿತ ಮುಟ್ಟಬೇಕು. ಪಕ್ಕದಲ್ಲಿ ವರನ ಬಿಳಿ ಪಂಚೆ, ತಲೆಯ ಮೇಲೆ ಹಳದಿ ದೀಪ, ಎದುರಿಗೆ ವಿಡಿಯೊದವರ ನೀಲಿ ಎಲ್‌ಇಡಿ ಇರುವಾಗ ಕ್ಯಾಮೆರಾ ಕಪ್ಪು ಮುಖವನ್ನು ಕತ್ತಲಾಗಿಸಿ, ಬೂದು ಬಳಿದಂತೆ ತೋರಿಸುತ್ತದೆ. ಆ ಕತ್ತಲಿಂದ ಮುಖವನ್ನು ಮೇಲೆತ್ತಿ, ಚರ್ಮದ ಕೆಳಗಿನ ಕೆಂಪನ್ನು ಮರಳಿ ತಂದು, ಹೊಳಪನ್ನು ಉಳಿಸಿದರೆ ಧಾರೆಯ ಹೊತ್ತಿಗೆ ಅವಳು ಹೇಗಿದ್ದಳೋ ಹಾಗೆ ಕಾಣುತ್ತಾಳೆ. ಇದಕ್ಕೆ ಕೌಶಲ ಬೇಕು, ಸಮಯ ಬೇಕು, ಅವಳನ್ನು ನೋಡಿದ ನೆನಪು ಬೇಕು. ಬೆಳ್ಳಗೆ ಮಾಡುವ ಪ್ರಿಸೆಟ್‌ಗೆ ಇವು ಮೂರೂ ಬೇಡ.

ಕೆಲಸದಲ್ಲಿರುವವರು ಕೆಲವು ಸಣ್ಣ ರೂಢಿಗಳನ್ನು ಹಾಕಿಕೊಳ್ಳಬಹುದು. ಛತ್ರದ ದೀಪಗಳಡಿ ಒಂದು ಬೂದು ಕಾರ್ಡ್ ಹಿಡಿದು ಫೋಟೊ ತೆಗೆದಿಟ್ಟರೆ ಬಣ್ಣದ ಹದಕ್ಕೆ ಆಧಾರ ಸಿಗುತ್ತದೆ. ವಧು, ವರ, ತಾಯಿ ತಂದೆಯರ ಒಂದೊಂದು ಫೋಟೊವನ್ನು ತಾವೇ ಕೂತು ಹದಗೊಳಿಸಿ, ಉಳಿದವನ್ನು ಇದಕ್ಕೆ ಹೊಂದಿಸಿ ಎಂದು ಡಿಸೈನರಿಗೆ ಕಳಿಸಬಹುದು. ಕೊಟೇಶನ್‌ನಲ್ಲೇ ‘ಮೈಬಣ್ಣ ಬದಲಿಸುವುದಿಲ್ಲ’ ಎಂದು ಒಂದು ಸಾಲು ಬರೆಯಬಹುದು. ಇದರಿಂದ ಗಿರಾಕಿ ಕೈಬಿಟ್ಟು ಹೋಗುತ್ತಾರೆಂಬ ಭಯ ಸಹಜವೇ. ‘ಸ್ವಲ್ಪ ಬೆಳ್ಳಗೆ ಮಾಡ್ರಿ’ ಎನ್ನುವ ಮಾತು ಹೆಚ್ಚಾಗಿ ಬರುವುದು ಅತ್ತೆ ಮನೆಯವರಿಂದಲೋ ದುಡ್ಡು ಕೊಡುವ ಹಿರಿಯರಿಂದಲೋ. ಆ ಮಾತು ಬಂದ ದಿನ ಎರಡು ಪ್ರಿಂಟ್ ಹಾಕಿಸಿ, ಒಂದು ಬೆಳ್ಳಗೆ ಮಾಡಿದ್ದು, ಇನ್ನೊಂದು ಅವಳದೇ ಬಣ್ಣದ್ದು, ಎರಡನ್ನೂ ಮದುಮಗಳ ಕೈಗೇ ಕೊಟ್ಟು ಯಾವುದು ಬೇಕಮ್ಮಾ ಎಂದು ಕೇಳಬೇಕು.